ಇಬ್ಬನಿ ಬೀಳದ ವರ್ಷದ ನಂದಿಬಟ್ಟಲು

ಮೋಹಿನಿಯ ಕೈಗುಣದ ಬಗ್ಗೆ ಡೊಂಬಿವಲಿಯ ಆ ನಾಲ್ಕು ಮಾಳಿಗೆಯ ಕಟ್ಟಡದಲ್ಲಿ ಎರಡು ಮಾತಿರಲಿಲ್ಲ. ಸೀರೆಗೆ ಫಾಲ್ ಹಚ್ಚುವುದು ಅವಳ ಕೆಲಸ, ಕೆಂಗಣ್ಣಿಗೆ ನಂದಿಬಟ್ಟಲ ನೀರು ಬಿಡುವುದು ಅವಳ ಹೆಸರು. ಕೆಲಸಕ್ಕಿಂತ ಹೆಸರೇ ದೊಡ್ಡದು. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಚುರುಗುಟ್ಟತೊಡಗಿದರೆ ಸಾಕು, ಮನೆಗೊಬ್ಬರು ಕಪ್ಪು ಕನ್ನಡಕ ಏರಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯತೊಡಗುವರು. ಮರಾಠಿಯವರು ‘ಡೋಳೆ ಆಲೇ’ ಎನ್ನುವರು, ಮೋಹಿನಿ ಕೆಂಗಣ್ಣು ಎನ್ನುವಳು. ಯಾವ ಭಾಷೆಯಲ್ಲಿ ಬಂದರೂ ಮದ್ದು ಒಂದೇ, ವಾರದೊಳಗೆ ವಾಸಿ. ಮದ್ದು ಬಿಡದಿದ್ದರೂ ಒಂದು ವಾರದಲ್ಲಿ ತಾನಾಗಿ ಹೋಗುವ ರೋಗವಿದು ಎಂದು ತಿಳಿದವರು ಯಾರಾದರೂ ಹೇಳಬಹುದಿತ್ತು. ಆದರೆ ವಾಸಿಯಾದವರಿಗೆ ಅಂಥ ಮಾತು ರುಚಿಸುವುದಿಲ್ಲ, ವಾಸಿ ಮಾಡಿದವರಿಗಂತೂ ಇಲ್ಲವೇ ಇಲ್ಲ.

ಗಿಡ ಅವಳದೇ. ಮದುವೆಯಾಗಿ ಊರು ಬಿಡುವಾಗ ತಾಯಿ ಅಕ್ಕು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ ಒಂದು ಕಡ್ಡಿ, ಬೊಂಬಾಯಿ ಬಸ್ಸಿನಲ್ಲಿ ಅವಳ ಕಾಲಬುಡದಲ್ಲೇ ಕೂತು ಬಂದು, ಸೊಸೈಟಿಯ ನೀರಿನ ಟಾಂಕಿಯ ಪಕ್ಕದಲ್ಲಿ ಬೇರು ಬಿಟ್ಟಿತ್ತು. ಕಡ್ಡಿಯ ಜೊತೆಗೆ ಅಕ್ಕು ಕಟ್ಟಳೆಯನ್ನೂ ಕಟ್ಟಿ ಕಳಿಸಿದ್ದಳು. ಕುದಿಸಿ ಆರಿಸಿದ ನೀರು, ಹಿತ್ತಾಳೆಯ ಬಟ್ಟಲು, ಸಂಜೆ ಬಿರಿದ ಹೂ. ಮೇಲೊಂದು ತೆಳು ಬಟ್ಟೆ ಹೊದಿಸಿ ರಾತ್ರಿಯಿಡೀ ಬಯಲಲ್ಲಿ ಇಬ್ಬನಿಗೆ ಇಡಬೇಕು. ಬೆಳಿಗ್ಗೆ ಕಣ್ಣಿಗೆ ಎರಡು ಹನಿ ಬಿಟ್ಟು ಉಳಿದದ್ದನ್ನು ಗಿಡದ ಬುಡಕ್ಕೇ ಚೆಲ್ಲಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು: ಮಳೆ ಪೂರ್ತಿ ಬಿಟ್ಟು ಇಬ್ಬನಿ ಬೀಳತೊಡಗಿದ ಮೇಲೆ ಮಾತ್ರ. ಮಳೆ ಇರುವಾಗ ಈ ಮದ್ದಿಗೆ ಕೈ ಹಾಕಬಾರದು. ಯಾಕೆಂದು ಮೋಹಿನಿ ಒಮ್ಮೆ ಕೇಳಿದ್ದಳು.

“ಯಾಕೆ ಅಂತ ನನ್ನಮ್ಮ ಹೇಳ್ಲಿಲ್ಲ, ನಾನು ಕೇಳ್ಲಿಕ್ಕೂ ಹೋಗ್ಲಿಲ್ಲ,” ಎಂದಿದ್ದಳು ಅಕ್ಕು. “ಬೇಡ ಅಂದ್ರೆ ಬೇಡ.”

ಡೊಂಬಿವಲಿಗೆ ಬಂದ ಮೊದಮೊದಲು ಈ ಕಟ್ಟಳೆಯನ್ನು ಪಾಲಿಸಲು ಏನೂ ಕಷ್ಟವಿರಲಿಲ್ಲ. ನವರಾತ್ರಿಯ ಹೊತ್ತಿಗೆ ಮಳೆ ಸಭ್ಯ ನೆಂಟರ ಹಾಗೆ ಎದ್ದು ಹೋಗುತ್ತಿತ್ತು, ದೀಪಾವಳಿಯ ಎಣ್ಣೆಸ್ನಾನಕ್ಕೆ ಏಳುವಾಗ ಕಿಟಕಿಯ ಗ್ರಿಲ್ಲು ಇಬ್ಬನಿಯಿಂದ ತಣ್ಣಗಿರುತ್ತಿತ್ತು. ಆಮೇಲಾಮೇಲೆ ಲೆಕ್ಕ ತಪ್ಪಿತು. ಮಾರ್ಚಿನಲ್ಲಿ ಮಳೆ ಬಂತು. ಜೂನಿನಲ್ಲಿ ಬರಬೇಕಾದದ್ದು ಜುಲೈಗೆ ಬಂದು, ಒಂದೇ ದಿನದಲ್ಲಿ ಊರು ಮುಳುಗಿಸಿ ಹೋಯಿತು. ವರ್ಷಕ್ಕೊಮ್ಮೆ ಬರುತ್ತಿದ್ದ ಕೆಂಗಣ್ಣು ಎರಡು ಸಲ, ಮೂರು ಸಲ ಬರತೊಡಗಿತು. ಜನ ಬಾಗಿಲಿಗೆ ಬಂದು ನಿಂತರೆ ಇಬ್ಬನಿ ಬಿದ್ದಿಲ್ಲ, ಆಮೇಲೆ ಬನ್ನಿ ಎನ್ನುವುದು ಹೇಗೆ? ಒಂದು ವರ್ಷ ಇಬ್ಬನಿಯಿಲ್ಲದಿದ್ದರೂ ಬಟ್ಟಲನ್ನು ಬಾಲ್ಕನಿಯಲ್ಲಿಟ್ಟಳು. ಎಲ್ಲರಿಗೂ ವಾಸಿಯಾಯಿತು. ಮರುವರ್ಷ ಅದೇ ರೂಢಿಯಾಯಿತು. ಸಡಿಲ ಬಿಟ್ಟ ಹೊಲಿಗೆ ಮೊದಲ ದಿನವೇ ಬಿಚ್ಚುವುದಿಲ್ಲವೆಂದು ಮೋಹಿನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ತನ್ನ ವಿಷಯದಲ್ಲಿ ಅವಳಿಗೆ ಅದು ಹೊಳೆಯಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಳೆ ಎದ್ದು ಹೋಗಲೇ ಇಲ್ಲ.

ಗಣಪತಿ ಹೋದ, ನವರಾತ್ರಿ ಹೋಯಿತು, ದೀಪಾವಳಿ ಬಾಗಿಲಿಗೆ ಬಂತು, ಮಳೆ ಮಾತ್ರ ಹೊಸಿಲಲ್ಲೇ ಕೂತಿತ್ತು. ಅರಬಿ ಸಮುದ್ರದಲ್ಲಿ ಚಂಡಮಾರುತ ಎಂದು ಟಿವಿಯವರು ಹೇಳುತ್ತಿದ್ದರು. ಮಳೆ ನಿಂತ ಗಳಿಗೆಯಲ್ಲಿ ಬೆವರು, ಬೆವರು ಆರುವ ಮೊದಲೇ ಮತ್ತೆ ಮಳೆ. ಗೋಡೆಗೆ ಹಸಿರು ಹತ್ತಿತು. ಫಾಲ್ ಹಚ್ಚಲು ಬಂದ ಸೀರೆಗಳ ಮಡಿಕೆಯಲ್ಲಿ ಕಪ್ಪು ಚುಕ್ಕೆ ಕಂಡಾಗ ಮೋಹಿನಿ ಗಿರಾಕಿಗಳ ಎದುರು ತಲೆ ತಗ್ಗಿಸಬೇಕಾಯಿತು. ಇಂಥ ಹೊತ್ತಿನಲ್ಲಿಯೇ ಕೆಂಗಣ್ಣು ಬಂತು, ಅದೂ ಅವಳ ಮನೆಗೇ, ಮಗಳಿಗೇ.

ತೃಷಾಳ ಕಣ್ಣೆಂದರೆ ಆ ಮನೆಯ ಆಸ್ತಿ. ಅವರ ಕಿಟಕಿ ಮುಂದಿನ ಸ್ಟೇಷನ್ನು ಠಾಕುರ್ಲಿಯ ಕಡೆಗೆ ರೈಲುಹಳಿಯ ಮೇಲೇ ತೆರೆಯುತ್ತದೆ. ಡೊಂಬಿವಲಿ ಬಿಟ್ಟು ಬರುವ ಲೋಕಲಿನ ಹಣೆಯ ಮೇಲಿನ ಅಕ್ಷರವನ್ನು ಅವಳು ಮೂರು ವರ್ಷದ ಮಗುವಾಗಿದ್ದಾಗಲೇ ಓದುತ್ತಿದ್ದಳು. ಕೆ ಅಂದರೆ ಕಲ್ಯಾಣ, ಎ ಅಂದರೆ ಅಂಬರನಾಥ, ಬಿ ಎಲ್ ಅಂದರೆ ಬದಲಾಪುರ. ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಗೇ ಶರಣು ಹೊಡೆದಿದ್ದ ಮೋಹಿನಿ ಇಂಗ್ಲಿಷ್ ಅಕ್ಷರ ಕಲಿತದ್ದು ಮಗಳಿಂದ, ಈ ಕಿಟಕಿಯಲ್ಲಿ. ಉಳಿದವರು ಗಾಡಿ ಹತ್ತಿರ ಬಂದ ಮೇಲೆ ಓದಿದರೆ ತೃಷಾ ತಿರುವಿನಲ್ಲಿ ದೀಪ ಕಂಡಾಗಲೇ ಹೇಳಿಬಿಡುವಳು. ಅಪ್ಪ ಚನಿಯ ಠಾಣೆಯ ಕೋಪರಿಯಲ್ಲಿ ಒಂದು ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಲ್ಲುವವನು. ರಜೆಯ ದಿನ ಮಗಳೊಡನೆ ಪಂಥ ಕಟ್ಟಿ ಪ್ರತಿಸಲವೂ ಸೋಲುತ್ತಿದ್ದ, ಸೋತು ಹಿಗ್ಗುತ್ತಿದ್ದ.

ಗಾಡಿ ನೋಡಿ ನೋಡಿ ಆ ಹುಡುಗಿಗೆ ಗಾಡಿ ಓಡಿಸುವ ಹುಚ್ಚು ಹತ್ತಿತು. ಡಿಪ್ಲೊಮಾ ಮುಗಿಸಿ, ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆ ಕಟ್ಟಿ, ಒಂದಾದ ಮೇಲೊಂದು ಮೆಟ್ಟಿಲು ಹತ್ತಿದಳು. ಮೊದಲು ಬೇರೆಯವರಿಗೆ ಕರೆ ಹೋಗಿ, ಬಿಟ್ಟುಹೋದ ಜಾಗಗಳಿಗೆ ಕೊನೆಗೆ ಅವಳ ಸರದಿ ಬಂದಿತ್ತು. ಉಳಿದದ್ದು ಕಲ್ಯಾಣದ ರೈಲ್ವೆ ಆಸ್ಪತ್ರೆಯಲ್ಲಿ ಮೆಡಿಕಲ್ ಒಂದೇ. ಇಂಜಿನ್ನು ಓಡಿಸುವವರಿಗೆ ಎರಡೂ ಕಣ್ಣು ಕನ್ನಡಕದ ಹಂಗಿಲ್ಲದೆ ಪಕ್ಕಾ ಇರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಕೇಳಿ ಚನಿಯ ನಕ್ಕುಬಿಟ್ಟಿದ್ದ. “ನನ್ನ ಮಗಳ ಕಣ್ಣನ್ನು ಅವ್ರು ಎಂತ ಪರೀಕ್ಷೆ ಮಾಡುದು? ಬೇಕಾದ್ರೆ ಅವ್ರ ಕಣ್ಣನ್ನೇ ಇವಳು ಮಾಡ್ಲಿ.”

ದೀಪಾವಳಿ ಕಳೆದ ಗುರುವಾರ ಮೆಡಿಕಲ್. ಅದಕ್ಕೆ ಮೊದಲಿನ ಶನಿವಾರ ಬೆಳಿಗ್ಗೆ ತೃಷಾ ಏಳುವಾಗ ಎರಡೂ ಕಣ್ಣಿನ ರೆಪ್ಪೆ ಅಂಟಿಕೊಂಡಿದ್ದವು. ಬಿಸಿನೀರಲ್ಲಿ ಒರೆಸಿ ತೆಗೆದರೆ ಒಳಗೆ ಕೆಂಡ.

ಚಿಕ್ಕಂದಿನಿಂದಲೂ ತಾಯಿಯ ಮದ್ದೆಂದರೆ ತೃಷಾಳಿಗೆ ತಾತ್ಸಾರ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಕ್ಕಳನ್ನು ನೋಡಿಯೇ ಹುಟ್ಟಿರಬೇಕು. ಮನೆಯಲ್ಲಿ ತಾಯಿ ತಂದೆ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತಿತ್ತು. ಊರು, ಗಿಡ, ಅಜ್ಜಿ, ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಆ ಹುಡುಗಿ ಅಂದು ತಾನಾಗಿ ಅಡುಗೆಮನೆಗೆ ಬಂದು ನಿಂತಳು.

“ಮಮ್ಮಿ, ಗುರುವಾರ್ ತಕ್ ಠೀಕ್ ಹೋನಾ ಚಾಹಿಯೇ,” ಎಂದಳು. ಗುರುವಾರದೊಳಗೆ ವಾಸಿಯಾಗಲೇಬೇಕು, ಕ್ಲಾಸಿನ ಗೆಳತಿಯರು ಹೇಳಿದ್ದಾರೆ, ಕಣ್ಣು ಕೆಂಪಿದ್ದರೆ ಬಾಗಿಲಲ್ಲೇ ಅನ್‌ಫಿಟ್ ಅಂತ ಬರೆದು ಕಳಿಸುತ್ತಾರಂತೆ. “ತೇರಾ ವೋ ಫೂಲ್‌ವಾಲಾ ಪಾನಿ ಡಾಲ್ ದೇ ನಾ.”

ಮೋಹಿನಿಗೆ ಎದೆ ತುಂಬಿ ಬಂತು. ಇಪ್ಪತ್ತು ವರ್ಷ ಊರವರ ಕಣ್ಣಿಗೆಲ್ಲ ಬಿಟ್ಟ ಹೂವಿನ ನೀರನ್ನು ಮಗಳು ಮೊದಲ ಸಲ ಕೇಳಿದ್ದಳು. ಹೊರಗೆ ನೋಡಿದಳು. ಮಳೆ ಧೋ ಎನ್ನುತ್ತಿತ್ತು.

“ಮಳೆ ಬಿಡ್ಲಿ ಮಗಾ. ಇಬ್ಬನಿ ಬೀಳ್ದೆ ಇದನ್ನು ಮಾಡ್ಲಿಕ್ಕಿಲ್ಲ,” ಎಂದಳು.

“ಅಬ್ ಓಸ್ ಕಹಾಂ ಗಿರ್ತೀ ಹೈ, ಮಮ್ಮಿ?”

ಈಗ ಇಬ್ಬನಿ ಎಲ್ಲಿ ಬೀಳುತ್ತದೆ ಎಂಬ ಆ ಪ್ರಶ್ನೆ ಕೇಳಿ ಮೋಹಿನಿ ಮತ್ತೊಮ್ಮೆ ಹೊರಗೆ ನೋಡಿದಳು. ಡಾಕ್ಟರರಿಗೆ ತೋರಿಸೋಣವೆಂದು ಚನಿಯ ಹೇಳಿದ. ಹಬ್ಬದ ದಿನಗಳು, ಬೀದಿಯ ದವಾಖಾನೆಗೆ ಬೀಗ. ಜೊತೆಗೆ, ಕೆಂಗಣ್ಣಿಗೆ ಡಾಕ್ಟರೆಂದರೆ ಮೋಹಿನಿಯ ಮನೆಯಲ್ಲಿ ಅದೊಂದು ನಾಚಿಕೆಯ ಮಾತೇ. ಬಡಗಿಯ ಮನೆಯವರು ಮುರಿದ ಸ್ಟೂಲನ್ನು ಪರರ ಹತ್ತಿರ ರಿಪೇರಿಗೆ ಒಯ್ದ ಹಾಗೆ.

ಸಂಜೆ ಛತ್ರಿ ಹಿಡಿದು ಇಳಿದು ಹೂ ಕೊಯ್ದಳು. ಮಳೆಗೆ ತೊಯ್ದು ಮುದ್ದೆಯಾದ ಹೂಗಳು. ಕೆಲವುಗಳ ಅಂಚಿನಲ್ಲಿ ಕಂದು ಕಲೆಯಿತ್ತು, ಆರಿಸಿ ಬಿಸಾಡಿದಳು. ನೀರು ಕುದಿಸಿ ಆರಿಸಿದಳು, ಬಟ್ಟಲು ಹುಣಿಸೆಹಣ್ಣಿನಲ್ಲಿ ತಿಕ್ಕಿದಳು. ಬಾಲ್ಕನಿಯಲ್ಲಿ ಇಡುವಂತಿಲ್ಲ, ಎರಚಲು ಹೊಡೆಯುತ್ತಿತ್ತು. ಒಳಗೆ, ಅಡುಗೆಕಟ್ಟೆಯ ಮೂಲೆಯಲ್ಲಿ, ಹಸಿರು ಹತ್ತಿದ ಗೋಡೆಯ ಪಕ್ಕ ಇಟ್ಟಳು. ಅಕ್ಕುವಿನ ಮಾತು ನೆನಪಾಯಿತು. ಯಾಕೆ ಎಂದು ಹೇಳದ ಮಾತು ನೆನಪಾದರೂ ಕೈ ತಡೆಯುವುದಿಲ್ಲ.

ಬೆಳಿಗ್ಗೆ ತೃಷಾ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎಷ್ಟೋ ವರ್ಷಗಳ ಮೇಲೆ. ಮೋಹಿನಿ ಹೂವನ್ನು ಅದ್ದಿ ಹಿಂಡಿ ಎರಡೂ ಕಣ್ಣಿಗೆ ಹನಿ ಬಿಟ್ಟಳು. ತಂಪಾಯಿತೆಂದು ಹುಡುಗಿ ಕಣ್ಣು ಮುಚ್ಚಿಯೇ ನಕ್ಕಳು. ಅಷ್ಟರಲ್ಲಿ ಕೆಳಮನೆಯ ರತ್ನಾವತಿ ಮೊಮ್ಮಗಳು ಚಿನ್ನುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಮಗುವಿನ ಕಣ್ಣೂ ಕೆಂಪು. ಅದೇ ಬಟ್ಟಲಿನಿಂದ ಚಿನ್ನುವಿಗೆ ಹನಿ ಬಿತ್ತು, ಆಮೇಲೆ ರತ್ನಾವತಿಗೆ, ಆಮೇಲೆ ಚನಿಯನಿಗೂ. ಮರುದಿನವೂ ಹಾಗೆಯೇ.

ಬುಧವಾರದ ಹೊತ್ತಿಗೆ ಚಿನ್ನು ಅಂಗಳದಲ್ಲಿ ಸುರುಸುರುಬತ್ತಿ ಹಿಡಿದು ಕುಣಿಯುತ್ತಿದ್ದಳು. ರತ್ನಾವತಿ ವಾಸಿ, ಚನಿಯ ಕಾವಲಿಯ ಮುಂದೆ. ತೃಷಾಳ ಎಡಗಣ್ಣೂ ತಿಳಿಯಾಯಿತು. ಬಲಗಣ್ಣು ಮಾತ್ರ ಕೆಂಪನ್ನೂ ಮೀರಿ ಹೋಯಿತು. ನೋವು, ಬೆಳಕು ಕಂಡರೆ ಚುಚ್ಚು, ಧಾರೆ ಧಾರೆ ನೀರು. ಮೋಹಿನಿ ದೀಪದ ಹತ್ತಿರ ಕೂರಿಸಿ ರೆಪ್ಪೆ ಎತ್ತಿ ನೋಡಿದಳು. ಕರಿಗುಡ್ಡೆಯ ಮೇಲೆ, ನಟ್ಟನಡುವೆ, ಹತ್ತಿಯ ಎಳೆಯಷ್ಟು ಬೆಳ್ಳಗೆ ಏನೋ ಕೂತಿತ್ತು.

ಗುರುವಾರ ಅವರು ಕಲ್ಯಾಣಕ್ಕೆ ಹೋಗಲಿಲ್ಲ, ಉಲ್ಟಾ ದಿಕ್ಕಿನಲ್ಲಿ ಠಾಣೆಯ ಕಣ್ಣಾಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರು ಮೈಸೂರಿನ ಕಡೆಯವರು, ಹೆಸರು ಪುಂಡರೀಕಾಕ್ಷ. ಕಣ್ಣಿನ ಡಾಕ್ಟರಿಗೆ ಹೇಳಿ ಮಾಡಿಸಿದ ಹೆಸರು. ಪಾಪ, ಅವರ ಕಣ್ಣಿಗೇ ಬಾಟಲಿತಳದಂಥ ಕನ್ನಡಕ. ಯಂತ್ರದಲ್ಲಿ ಬಹಳ ಹೊತ್ತು ನೋಡಿದರು, ಚೂರು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಮರುದಿನ ಕರೆಸಿ ಹೇಳಿದರು.

“ಫಂಗಸ್ ಕಣಮ್ಮ. ಬೂಷ್ಟು. ಕೆಂಗಣ್ಣು ಬಂದಾಗ ಕಣ್ಣಿನ ಮೇಲ್ಪದರ ತುಸು ಸಡಿಲ ಆಗಿರತ್ತೆ, ಅಲ್ಲಿ ಹೋಗಿ ಕೂತ್ಬಿಟ್ಟಿದೆ. ಗಂಟೆಗೊಂದು ಸಲ ಡ್ರಾಪ್ಸ್ ಹಾಕ್ಬೇಕು. ತಡ ಆಗಿದೆ, ನಮ್ ಕೈಲಾದದ್ದು ಮಾಡೋಣ.”

“ಕಲೆ ಉಳಿಯುತ್ತಾ ಸಾರ್?” ಎಂದು ಚನಿಯ ಕೇಳಿದ.

“ಉಳಿಯತ್ತೆ. ಎಷ್ಟು ಅಂತ ಈಗಲೇ ಹೇಳಕ್ಕಾಗಲ್ಲ.”

ಮೋಹಿನಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ತೃಷಾಳನ್ನು ಹೊರಗೆ ಕೂರಿಸಿ ಮತ್ತೆ ಒಳಗೆ ಬಂದಳು. ಹೂವಿನ ವಿಷಯವೆಲ್ಲ ಹೇಳಿದಳು, ಹಸಿರು ಗೋಡೆಯನ್ನೂ ಬಿಡಲಿಲ್ಲ. ಕೊನೆಗೆ ಕೇಳಿದಳು, “ನನ್ನ ನೀರಿನಿಂದ್ಲೇ ಆದದ್ದಾ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. “ಇನ್ನು ಮೇಲೆ ಅದನ್ನ ಯಾರ ಕಣ್ಣಿಗೂ ಹಾಕ್ಬೇಡಿ. ಅಷ್ಟು ಖಂಡಿತ. ಆದ್ರೆ ಅದ್ರಿಂದಲೇ ಆಯ್ತು ಅಂತ ಹೇಗೆ ಹೇಳಲಿ? ಅದೇ ನೀರು ಮಿಕ್ಕವರಿಗೂ ಹಾಕಿದೀರಿ, ಏನೂ ಆಗಿಲ್ಲ. ಅದ್ರಿಂದ ಅಲ್ಲ ಅಂತಲೂ ಹೇಳಲಾರೆ. ಒದ್ದೆ ಕೈಯಿಂದ ಉಜ್ಜಿದ್ರೂ ಆಗತ್ತೆ, ಒಣಗದ ಟವೆಲಿನಿಂದ ಆಗತ್ತೆ. ಇಷ್ಟು ಸೆಕೆ, ಇಷ್ಟು ತೇವ, ಅದೂ ಈ ತಿಂಗಳಲ್ಲಿ. ಬೂಷ್ಟಿಗೆ ಇನ್ನೇನು ಬೇಕು? ನಾನು ಓದುವಾಗ ಈ ಕಾಯಿಲೆಗೆ ಒಂದು ಸೀಸನ್ ಇರತ್ತೆ ಅಂತ ಕಲಿಸಿದ್ರು. ಈಗ ಹೊರಗೆ ಬೆಂಚಲ್ಲಿ ಕೂತಿರೋರನ್ನ ನೋಡಿ. ಮಳೆಯ ಕ್ಯಾಲೆಂಡರೇ ಕೆಟ್ಟಿದೆ, ನಾವಿನ್ನೂ ಹಳೇ ಕ್ಯಾಲೆಂಡರ್ ಹಿಡ್ಕೊಂಡು ಕೂತಿದೀವಿ.”

ಮೋಹಿನಿಗೆ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಲ್ಲಮ್ಮ ನಿನ್ನ ತಪ್ಪಲ್ಲ ಎಂದಿದ್ದರೂ ಆಗುತ್ತಿತ್ತು. ಎರಡರಲ್ಲಿ ಒಂದು ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು. ಮಳೆಯ ಕ್ಯಾಲೆಂಡರು ಕೆಟ್ಟದ್ದಕ್ಕೆ ಅವಳು ಯಾರ ಮನೆಯ ಮುಂದೆ ಹೋಗಿ ಜಗಳ ಕಾಯಬೇಕು?

ಚನಿಯ ಡಾಕ್ಟರರ ಚೀಟಿ ಹಿಡಿದು ಕಲ್ಯಾಣದ ರೈಲ್ವೆ ಆಸ್ಪತ್ರೆಗೆ ಹೋಗಿ ಬಂದ. ಬಂದವನು ಅಂಗಿಯನ್ನೂ ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತ. ತೃಷಾ ಒಳಕೋಣೆಯಲ್ಲಿ ಪರದೆ ಎಳೆದು ಮಲಗಿದ್ದಳು.

“ಆಸ್ಪತ್ರೆಯ ಕೌಂಟರಿನ ಕಿಟಕಿಯಲ್ಲಿದ್ದವ ಒಳ್ಳೆಯ ಮನುಷ್ಯ,” ಎಂದು ಸಣ್ಣ ದನಿಯಲ್ಲಿ ಹೇಳಿದ. “ಅವನು ಕೇಳಿದ, ಬರೀ ಕೆಂಗಣ್ಣಾಗಿದ್ರೆ ಯಾಕೆ ಗಾಬರಿ ಮಾಡಿದ್ದು ಅಂತ. ಸೀಸನಿನಲ್ಲಿ ಅಂಥವ್ರು ಸುಮಾರು ಜನ ಬರ್ತಾರಂತೆ. ವಾಸಿ ಆದ್ಮೇಲೆ ಬಾ ಅಂತ ಬೇರೆ ತಾರೀಕು ಕೊಟ್ಟು ಕಳಿಸ್ತಾರಂತೆ.”

ಮೋಹಿನಿ ಸೀಯತೊಡಗಿದ ಅನ್ನವನ್ನು ಒಲೆಯಿಂದ ಇಳಿಸಿದಳು. ಆಮೇಲೆ ಕೇಳಿದಳು, “ಇವಳಿಗೆ ಹೇಳ್ತೀರಾ?”

“ಹೇಳಿ ಎಂತ ಮಾಡುದು,” ಎಂದ ಚನಿಯ.

ಆಮೇಲಿನ ದಿನಗಳು ಹನಿ ಬಿಡುವುದರಲ್ಲೇ ಕಳೆದವು. ಮೋಹಿನಿ ಮಗಳನ್ನು ರೆಪ್ಪೆಯ ಹಾಗೆ ಕಾದಳು. ಗಂಟೆಗೊಮ್ಮೆ ಏಳುವಳು, ಸಾಬೂನು ಹಚ್ಚಿ ಕೈ ಉಜ್ಜುವಳು. ಕೈಗುಣವಿದೆ ಎಂದು ಊರು ಹೊಗಳಿದ ಕೈಯನ್ನು ಚರ್ಮ ಸುಲಿಯುವಷ್ಟು ಉಜ್ಜಿದಳು. ತೃಷಾ ದೂರಲಿಲ್ಲ, ಅಳಲಿಲ್ಲ, ಕರೆದಾಗ ಬಂದು ತೊಡೆಯ ಮೇಲೆ ತಲೆಯಿಟ್ಟಳು. ಆ ತಲೆಯ ಭಾರ ಮೋಹಿನಿಗೆ ತಾಳಲಾಗುತ್ತಿರಲಿಲ್ಲ.

ನವೆಂಬರ್ ದಾಟಿತು. ಗಾಯ ಮಾಗಿತು, ನೋವು ನಿಂತಿತು, ಕೆಂಪು ಹೋಯಿತು. ಪಾಪೆಯ ಮುಂದೆ ಬಿಳಿ ಕಲೆ ಗಟ್ಟಿಯಾಗಿ ಉಳಿಯಿತು. ಮುಂದೆ ಯಾವಾಗಲಾದರೂ ದಾನದ ಕಣ್ಣಿನಿಂದ ಪದರ ತೆಗೆದು ಹೊಲಿಯಬಹುದು, ನೋಟ ತುಸು ಬಂದೀತು ಎಂದು ಪುಂಡರೀಕಾಕ್ಷರು ಹೇಳಿದರು. ಇಂಜಿನ್ನಿನ ಕೆಲಸಕ್ಕೆ ಸಾಕಾಗುವಷ್ಟಾ ಎಂದು ತೃಷಾಳೇ ಕೇಳಿದಳು. ಅವರು ತಲೆಯಾಡಿಸಿ ಇಲ್ಲ ಎಂದರು. ಅವಳು ಥ್ಯಾಂಕ್ಯೂ ಸರ್ ಎಂದು ಎದ್ದುಬಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಕಿಟಕಿಗೆ ಬಂದು ನಿಲ್ಲತೊಡಗಿದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣೊಂದರಿಂದಲೇ ಬರುವ ಗಾಡಿಯನ್ನು ದಿಟ್ಟಿಸುವಳು. ಏನು ಕಂಡಿತೆಂದು ಹೇಳುತ್ತಿರಲಿಲ್ಲ. ಕೇಳಲು ತಾಯಿಗೆ ಧೈರ್ಯವಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಮೋಹಿನಿ ಹಾಲಿಗೆಂದು ಬಾಗಿಲು ತೆರೆದಾಗ ಮೈ ಜುಮ್ಮೆಂದಿತು. ಬಾಲ್ಕನಿಯ ಗ್ರಿಲ್ಲು ಮುಟ್ಟಿ ನೋಡಿದಳು. ತಣ್ಣಗೆ, ಒದ್ದೆ. ಕೆಳಗೆ ಟಾಂಕಿಯ ಪಕ್ಕದ ನಂದಿಬಟ್ಟಲ ಎಲೆಗಳ ಮೇಲೆಲ್ಲ ಹನಿ ನಿಂತಿತ್ತು. ಆ ವರ್ಷದ ಮೊದಲ ಇಬ್ಬನಿ. ಕೆಟ್ಟ ಕೋಪ ಬಂತು ಅವಳಿಗೆ. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಬಂದ ಪುರೋಹಿತನ ಮೇಲೆ ಬರುವಂಥ ಕೋಪ. ಬೈಯಲು ಬಾಯಿ ತೆರೆದಳು, ಬೈಯುವುದು ಯಾರನ್ನು ಎಂದು ತಿಳಿಯದೆ ಮುಚ್ಚಿದಳು.

ಆಗಲೇ ರತ್ನಾವತಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹಿತ್ತಾಳೆಯ ಬಟ್ಟಲು, ಅದರಲ್ಲಿ ಹೂ.

“ಮೋಹಿನಿಯಕ್ಕ, ಚಿನ್ನುಗೆ ಪುನಃ ಕಣ್ಣು ಕೆಂಪಾಗಿದೆ. ಈ ಸರ್ತಿ ಕ್ರಮದಲ್ಲೇ ಮಾಡಿದ್ದೇನೆ, ನೋಡಿ. ರಾತ್ರಿ ಇಡೀ ಇಬ್ಬನಿಗೆ ಇಟ್ಟಿದ್ದೆ. ನೀವು ಎರಡು ಹನಿ ಬಿಟ್ಟುಬಿಡಿ.”

“ಬೇಡ ರತ್ನಾ. ಡಾಕ್ಟ್ರಿಗೆ ತೋರಿಸು.”

“ಯಾವ ಡಾಕ್ಟ್ರು? ಹೋದ ಸರ್ತಿ ನಿಮ್ಮ ಕೈಯಿಂದ್ಲೇ ಅಲ್ವಾ ಅವಳಿಗೆ ಗುಣ ಆದದ್ದು?”

ಮೋಹಿನಿ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. “ಅದನ್ನು ಚೆಲ್ಲಿಬಿಡು. ನಿನ್ನ ಕಾಲು ಹಿಡೀತೇನೆ, ಮಗುವಿನ ಕಣ್ಣಿಗೆ ಹಾಕ್ಬೇಡ.” ರತ್ನಾವತಿಯ ಮುಖ ಬಿಗಿಯಿತು. ಹೆಸರು ಬಂದ ಮೇಲೆ ಜಂಬವೂ ಬರುತ್ತದೆಂದು ಗೊಣಗುತ್ತ ಇಳಿದು ಹೋದಳು. ಬಟ್ಟಲನ್ನು ಚೆಲ್ಲಲಿಲ್ಲ, ಜೋಪಾನವಾಗಿ ಹಿಡಿದುಕೊಂಡೇ ಹೋದಳು. ತಾನೇ ಹಾಕುತ್ತಾಳೆ ಎಂದು ಮೋಹಿನಿಗೆ ಗೊತ್ತಾಯಿತು. ಹಿಂದೆಯೇ ಓಡಿ ಕಿತ್ತುಕೊಳ್ಳಬೇಕು ಎಂದು ಚಪ್ಪಲಿಗೆ ಕಾಲು ತೂರಿಸುವಷ್ಟರಲ್ಲಿ ಒಳಗಿನಿಂದ ತೃಷಾ ಕರೆದಳು.

“ಮಮ್ಮಿ, ಇಧರ್ ಆ.”

ಕಿಟಕಿಯಲ್ಲಿ ಅವಳು ಎಡಗಣ್ಣು ಮುಚ್ಚಿಕೊಂಡು ನಿಂತಿದ್ದಳು. ಡೊಂಬಿವಲಿಯ ತಿರುವಿನಲ್ಲಿ ಗಾಡಿ ಕಾಣಿಸಿಕೊಂಡಿತು. ಅದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅದರ ಹಣೆಯ ಮೇಲಿನ ಅಕ್ಷರ ನಾಲ್ಕನೆಯ ಇಯತ್ತೆಯ ಮೋಹಿನಿಗೂ ಸ್ಪಷ್ಟವಾಗಿ ಕಂಡಿತು. ಕೆ.

“ಬಿ ಎಲ್,” ಎಂದಳು ತೃಷಾ. “ಬದಲಾಪುರ್. ಸಹೀ ಹೈ ನಾ?”

“ಹೌದು ಮಗಾ,” ಎಂದಳು ಮೋಹಿನಿ. “ಬದಲಾಪುರವೇ. ಸರಿಯಾಗಿ ಕಂಡಿದೆ ನಿಂಗೆ.”

ಗಾಡಿ ಕಿಟಕಿಯ ಕೆಳಗಿನಿಂದ ಗಡಗಡಿಸಿಕೊಂಡು ಹೋಯಿತು. ಅದರ ಕೊನೆಯ ಡಬ್ಬಿ ದಾಟುವವರೆಗೆ ತೃಷಾ ಅಂಗೈ ತೆಗೆಯಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿದಳು. ಹಿಂದಿಯೂ ಬರಲಿಲ್ಲ, ಮರಾಠಿಯೂ ಬರಲಿಲ್ಲ.

“ಈ ಹೊತ್ತಿಗೆ ಬದಲಾಪುರದ ಗಾಡಿಯೇ ಇಲ್ಲ, ಅಮ್ಮ,” ಎಂದಳು. “ನನಗೆ ಏನೂ ಕಾಣ್ಲಿಲ್ಲ. ನೀನು ಎಂತ ಹೇಳ್ತಿ ಅಂತ ನೋಡಿದ್ದು.”